ಸಿಯೆಸ್ತಾ ಹೊತ್ತಿನ ಅಲ್ಪವಿರಾಮ

ಎವರಿಸ್ತೊ ಲೂನಾನ ಕಷ್ಟ ಶುರುವಾದದ್ದು ಅಚ್ಚುಕಟ್ಟುತನದಿಂದ.

ನಮ್ಮ ಸಾಂತಿಯಾಗೊ ದೆಲ್ ಎಸ್ತೆರೊ ಊರಿನ ಆಸ್ಪತ್ರೆಯೊಂದರಲ್ಲಿ ನಡಿಗೆ ಪರೀಕ್ಷಿಸುವ ಕೋಣೆ ಅವನದು. ಕುಂಟುವವರು ಅವನ ಕ್ಯಾಮೆರಾಗಳ ಮುಂದೆ ನಡೆದರೆ ಸಾಕು, ಕಂಪ್ಯೂಟರಿನಲ್ಲೊಂದು ಅಸ್ಥಿಪಂಜರ ಹಾಗೆಯೇ ಕುಂಟಿ, ಯಾವ ಸ್ನಾಯು ಮೈಗಳ್ಳತನ ಮಾಡುತ್ತಿದೆಯೆಂದು ತೋರಿಸಿಕೊಡುತ್ತಿತ್ತು. ಆ ಸಂಜೆ ಐದಕ್ಕೆ ರಾಜಧಾನಿಯಿಂದ ಡಾಕ್ಟರ್ ಇರ್ಮಾ ಪೆರಾಲ್ತಾ ಬರುವವರಿದ್ದರು. ಅಸ್ಥಿಪಂಜರ ನೆಟ್ಟಗೆ ನಡೆದರೆ ಕೋಣೆ ಉಳಿಯುತ್ತದೆ. ಇಲ್ಲವಾದರೆ ಕ್ಯಾಮೆರಾಗಳು ಕೊರ್ದೊಬಾದ ಆಸ್ಪತ್ರೆಗೆ, ಎವರಿಸ್ತೊ ಮನೆಗೆ.

ದೊಡ್ಡವರು ನೋಡುತ್ತಾರೆಂದು ಅವನು ಅಸ್ಥಿಪಂಜರದ ಕಡತದ ಅಂಕಿಗಳನ್ನೆಲ್ಲ ಶಾಲೆಯಲ್ಲಿ ಕಲಿತ ರೀತಿಯಲ್ಲೇ ತಿದ್ದಿ ಬರೆದ. ನಮ್ಮ ದೇಶದಲ್ಲಿ ದಶಮಾಂಶಕ್ಕೆ ಚುಕ್ಕಿ ಇಡುವುದಿಲ್ಲ, ಅಲ್ಪವಿರಾಮ ಹಾಕುತ್ತೇವೆ. ಎಲ್ಲಾ ಮುಗಿಸಿ, ಗುಂಡಿ ಒತ್ತಿದ.

ಅಸ್ಥಿಪಂಜರ ಒಂದು ಹೆಜ್ಜೆ ಇಟ್ಟಿತು. ಎರಡನೆಯದು ನೆಲಕ್ಕೆ ತಾಗಲೇ ಇಲ್ಲ. ಹಬ್ಬದಲ್ಲಿ ಮಗುವಿನ ಕೈ ತಪ್ಪಿದ ಬಲೂನಿನಂತೆ ಮೆಲ್ಲಗೆ ಮೇಲೇರತೊಡಗಿತು.

"ಅಯ್ಯೋ, ಇಳಿಯೋ!" ಎಂದು ಎವರಿಸ್ತೊ ಕೂಗಿಕೊಂಡ.

ಹೊತ್ತು ಸಿಯೆಸ್ತಾದ್ದು, ಊಟ ಮುಗಿದಲ್ಲಿಂದ ಐದರವರೆಗಿನ ನಿದ್ದೆಯದು. ಊರಿಗೆ ಊರೇ ಕಿಟಕಿ ಮುಚ್ಚಿ ಮಲಗಿತ್ತು. ಬೀದಿಯಲ್ಲಿ ಬಿಸಿಲು ಒಂದೇ ಓಡಾಡುತ್ತಿತ್ತು. ಎದುರು ಕೋಣೆಯಲ್ಲಿ ರೋಗಿಗಳ ಮಂಚದ ಮೇಲೆ ಕಣ್ಣು ಮುಚ್ಚಿದ್ದ ಫಿಸಿಯೋಥೆರಪಿಯ ರೊಸೌರಾ ತಲೆಗೂದಲು ಕೆದರಿಕೊಂಡು ಬಂದಳು. ಅವಳ ಹಿಂದೆ, ಕೃತಕ ಕಾಲು ತಯಾರಿಸುವ ದೊನ್ ಅನ್ಸೆಲ್ಮೊ ಆಕಳಿಸುತ್ತ ಬಂದ.

"ಯಾರು ಸತ್ರಪ್ಪಾ, ಇಷ್ಟು ಹೊತ್ತಲ್ಲಿ?"

"ಇವನು ಹಾರ್ತಿದಾನೆ, ದೊನ್ ಅನ್ಸೆಲ್ಮೊ!" ಎವರಿಸ್ತೊ ಪರದೆ ತೋರಿಸಿದ.

ಮುದುಕ ಕನ್ನಡಕ ಏರಿಸಿ ನೋಡಿದ. "ಹಾರದೆ ಇನ್ನೇನು, ಮೈಮೇಲೆ ಮಾಂಸವೇ ಇಲ್ಲ. ಕಾಲಿಗೆ ಸೀಸ ಕಟ್ಟು. ಒಂದೊಂದಕ್ಕೆ ಅರ್ಧ ಕಿಲೋ."

ಎವರಿಸ್ತೊ ಸೊನ್ನೆ, ಅಲ್ಪವಿರಾಮ, ಐದು ಎಂದು ಬರೆದ. ಅಸ್ಥಿಪಂಜರ ಇನ್ನಷ್ಟು ಮೇಲೆ ಹೋಯಿತು.

"ಸರಿ ಹಾಗಾದರೆ, ಭೂಮಿನೇ ಎಳೀಲಿ ಬಿಡು. ಹತ್ತುಪಟ್ಟು ಹೆಚ್ಚು ಮಾಡು," ಎಂದಳು ರೊಸೌರಾ.

ಭೂಮಿ ಹತ್ತುಪಟ್ಟು ಎಳೆದರೂ ಪರದೆಯ ಮೇಲಿನವನು ಬಗ್ಗಲಿಲ್ಲ. ಅಂಗಾತ ತಿರುಗಿ, ಕೈಕಾಲು ಚಾಚಿ, ತೆಪ್ಪದ ಮೇಲೆ ಮಲಗಿದವನ ಹಾಗೆ ತೇಲತೊಡಗಿದ. ಫ್ಯಾನು ಗರಗರ ತಿರುಗುತ್ತಿತ್ತು. ಮೂವರೂ ಬಾಯಿ ತೆರೆದು ನೋಡುತ್ತ ನಿಂತರು. ನೋಡುತ್ತ ನೋಡುತ್ತ ಅವರ ಮೈಯೂ ಹಗುರಾದಂತೆ, ಕಾಲಡಿಯ ಸಿಮೆಂಟು ನೆಲ ನೀರಾದಂತೆ ತೋರಿತು.

"ಎಂಥಾ ಪುಣ್ಯವಂತ," ಎಂದ ದೊನ್ ಅನ್ಸೆಲ್ಮೊ ಪಿಸುಮಾತಿನಲ್ಲಿ. "ಎಬ್ಬಿಸಬೇಡ ಕಣಯ್ಯಾ."

"ಎಬ್ಬಿಸದಿದ್ರೆ ನಂಗೆ ಕೆಲಸ ಇರಲ್ಲ!"

ಒಂದು ದಾರಿ ಉಳಿದಿತ್ತು. ಆ ತಂತ್ರಾಂಶ ಯಾರಪ್ಪನ ಸೊತ್ತೂ ಅಲ್ಲ. ಬಾಗಿಲಿಲ್ಲದ ಅಡುಗೆಮನೆಯ ಹಾಗೆ. ಯಾರು ಬೇಕಾದರೂ ಒಳಗೆ ಬಂದು ಸಾರಿನ ರುಚಿ ನೋಡಬಹುದು, ಉಪ್ಪೂ ಹಾಕಬಹುದು. ಬಳಸುವವರೆಲ್ಲ ಪರಸ್ಪರ ಕಷ್ಟಸುಖ ಬರೆದುಕೊಳ್ಳುವ ಒಂದು ಜಗುಲಿ ಇಂಟರ್ನೆಟ್ಟಿನಲ್ಲಿತ್ತು. ಎವರಿಸ್ತೊ ಅಲ್ಲಿ ತನ್ನ ಕಡತವನ್ನಿಟ್ಟು ಗೋಳು ತೋಡಿಕೊಂಡ. 'ಹಿಮ್ಮಡಿ' ಎಂದು ಹೆಸರಿಟ್ಟುಕೊಂಡ ಯಾರೋ ತಕ್ಷಣ ಕೇಳಿದರು: "ಇಷ್ಟೊಂದು ಆತುರ ಯಾಕೆ?"

ಅವನು ಕುಟ್ಟಿದ: "ರಾಜಧಾನಿಯಿಂದ ಒಬ್ಬ ಡಾಕ್ಟರಮ್ಮ ತನಿಖೆಗೆ ಬರ್ತಿದಾರೆ. ಮೊಣಕಾಲು ಯಾವುದು, ಮೊಣಕೈ ಯಾವುದು ಅಂತ ಗೊತ್ತಿರೋದೂ ಅನುಮಾನ. ನಡೆದ ಹಾಗೆ ಕಂಡ್ರೆ ಸಾಕು, ನಂಬಿಬಿಡ್ತಾರೆ."

"ಪೂರ್ತಿ ಯಾಕೆ ಹೇಳಿದೆಯೋ!" ರೊಸೌರಾ ತಲೆ ಚಚ್ಚಿಕೊಂಡಳು.

"ಅವರೇನು ಇದನ್ನ ಓದ್ತಾರಾ?"

ಸ್ವಲ್ಪ ಹೊತ್ತಿಗೆ ಹಿಮ್ಮಡಿಯ ಉತ್ತರ ಬಂತು: "ಕಾಮಾ ತೆಗೆದು ಚುಕ್ಕಿ ಹಾಕಿ. ತಂತ್ರಾಂಶ ಕಾಮಾದ ಆಚೆಗಿರೋದನ್ನ ಓದೋದಿಲ್ಲ. ಮೈತೂಕದಲ್ಲಿ ಇಷ್ಟು ಪಾಲು ಅಂತ ಬರೆದ ತೊಡೆ, ಕಾಲು, ಪಾದ ಎಲ್ಲದರ ತೂಕ ಸೊನ್ನೆ ಆಗಿದೆ, ಪೂರ್ಣಸಂಖ್ಯೆಯಲ್ಲಿರೋ ಸ್ನಾಯುಗಳ ಬಲ ಮಾತ್ರ ಹಾಗೇ ಇದೆ. ಹಾರದೆ ಏನು ಮಾಡ್ತಾನೆ? ಸೀಸ ಬಿಚ್ಚಿ. ಭೂಮಿಯನ್ನೂ ಅದರ ಪಾಡಿಗೆ ಬಿಡಿ."

ಹಾಗೇ ಮಾಡಿದರು. ಅಸ್ಥಿಪಂಜರ ಇಳಿದು, ಭುಜ ಕೊಡವಿ, ಸಂತೆಗೆ ಹೊರಟ ಗೃಹಸ್ಥನಂತೆ ಗಂಭೀರವಾಗಿ ನಡೆಯಿತು. ದೊನ್ ಅನ್ಸೆಲ್ಮೊ ಮಾತ್ರ ಯಾರನ್ನೋ ಕಳಕೊಂಡವನಂತೆ ನಿಟ್ಟುಸಿರುಬಿಟ್ಟ.

ಐದಕ್ಕೆ ಸರಿಯಾಗಿ ಡಾಕ್ಟರ್ ಪೆರಾಲ್ತಾ ಬಂದರು. ಗಿಡ್ಡನೆಯ ಹೆಂಗಸು, ನಿದ್ದೆಯಿಲ್ಲದ ಕೆಂಪು ಕಣ್ಣು. ಅಸ್ಥಿಪಂಜರ ಆಚೆ ತುದಿಯವರೆಗೆ ನಡೆದು ತಿರುಗಿ ಬರುವವರೆಗೂ ಬಗ್ಗಿ ನೋಡಿದರು. ಆಮೇಲೆ ಪರದೆಯ ಮೇಲೆ ಬೆರಳಿಟ್ಟರು.

"ಸೆನ್ಯೋರ್ ಲೂನಾ, ಇದು ಮೊಣಕಾಲು ತಾನೇ? ಮೊಣಕೈ ಅಲ್ಲವಲ್ಲ?"

ಎವರಿಸ್ತೊನ ಮುಖ ಸುಣ್ಣದಂತಾಯಿತು. ರೊಸೌರಾ ಗೋಡೆಯ ಕಡೆ ತಿರುಗಿಕೊಂಡಳು.

"ಹಿಮ್ಮಡಿ... ತಾವು..."

"ನಾನೇ. ಮಧ್ಯಾಹ್ನ ಬಂದಿಳಿದೆ. ನಿಮ್ಮ ಊರಲ್ಲಿ ಒಂದು ಕಾಫಿ ಅಂಗಡಿಯಾದ್ರೂ ತೆರೆದಿತ್ತಾ? ಹೋಟೆಲಿನವನು ಬೀಗದ ಕೈ ಕೊಟ್ಟು ಅಲ್ಲೇ ಗೊರಕೆ ಹೊಡೆದ. ಇನ್ನೇನು ಮಾಡೋದು, ಜಗುಲಿಗೆ ಬಂದು ಕೂತೆ." ಕೋಪವೋ ನಗುವೋ ತಿಳಿಯದಂತೆ ಅವರು ಚೀಲ ಹೆಗಲಿಗೇರಿಸಿದರು. "ಹೆದರಬೇಡಿ. ಕೆಲಸ ಚೆನ್ನಾಗಿದೆ. ಕೋಣೆ ಉಳಿಯುತ್ತೆ, ಕ್ಯಾಮೆರಾನೂ ಉಳಿಯುತ್ತೆ."

ಎವರಿಸ್ತೊ ಕೈ ಮುಗಿಯುವುದೊಂದು ಬಾಕಿ.

"ಒಂದೇ ಮಾತು. ಮಧ್ಯಾಹ್ನದ ಹೊತ್ತಲ್ಲಿ ಆ ಜಗುಲಿಯಲ್ಲಿ ಕೇಳೋರು ಬಹಳ, ಹೇಳೋರು ಇಲ್ಲ. ನಾಳೆಯಿಂದ ಊಟ ಆದ ಕೂಡಲೇ ನೀವು ಕೂತು ಉತ್ತರ ಕೊಡಿ. ಐದರವರೆಗೆ. ಪ್ರತಿದಿನ."

ಅವರ ಕಾರು ಹೋದ ಮೇಲೆ ದೊನ್ ಅನ್ಸೆಲ್ಮೊ ಹತ್ತಿರ ಬಂದು, ಸಾವಿನ ಮನೆಯಲ್ಲಿ ಮಾಡುವಂತೆ ಟೋಪಿ ತೆಗೆದ.

"ಇನ್ನು ನಿನಗೆ ಸಿಯೆಸ್ತಾ ಇಲ್ಲ. ಕೊರ್ದೊಬಾಗೆ ಇನ್ನೂ ಬಸ್ಸಿದೆ ಕಣಯ್ಯಾ," ಎಂದ ಮೆಲ್ಲಗೆ. "ಓಡಿದರೆ, ಕ್ಯಾಮೆರಾಗಳನ್ನ ನಾವೇ ಕೊಟ್ಟು ಬರಬಹುದು."