ಒಬ್ಬ ಭಾವನಿಗೆ ಇಬ್ಬರು ಹುಡುಗರು

2007ರ ಏಪ್ರಿಲ್ 21, ಶನಿವಾರ, ಬೆಳಿಗ್ಗೆ ಹತ್ತೂಕಾಲು. ನಮ್ಮ ಭಾವನವರನ್ನು ಕೊಟ್ಟುಬಿಡುವುದೋ ಇಟ್ಟುಕೊಳ್ಳುವುದೋ ಎಂಬ ಸಭೆ ಶುರುವಾದದ್ದು ಆಗ.

ಹಳೆಯ ಸ್ಕೂಟರನ್ನು ಹೊಗಳಿ ಹೊಗಳಿ ಮಾರುವವರನ್ನು ನೀವು ನೋಡಿರುತ್ತೀರಿ. ತಮ್ಮನ್ನೇ ತೆಗಳಿಕೊಂಡು, "ಈ ಮಾಲನ್ನು ಬೇಗ ದಾಟಿಸಿ" ಎಂದು ದುಂಬಾಲು ಬೀಳುವವರನ್ನು ನೋಡಿದ್ದೀರಾ? ನಾನು ನೋಡಿದ್ದೇನೆ. ಅವರ ಮನೆಯಲ್ಲೇ ಇದ್ದೇನೆ!

ಭಾವ ಸ್ವೀಡನ್ನಿನ ವೆಸ್ಟೆರಾಸ್‌ನಲ್ಲಿ ಟ್ರಾನ್ಸ್‌ಫಾರ್ಮರ್ ಎಂಜಿನಿಯರ್. ಬೆಂಗಳೂರಿನಲ್ಲಿ ಕ್ರಿಕೆಟ್ ಬೌಲರ್ ಆಗಿದ್ದವರು. ಇಲ್ಲಿ ಮನೆಯ ಪಕ್ಕಕ್ಕೆ ಸಿಕ್ಕಿದ್ದು ಬೇಸ್‌ಬಾಲ್ ಕ್ಲಬ್. "ಚೆಂಡು ಎಸೀಬೇಕು ತಾನೇ?" ಎಂದು ಹೋದರು. ಬೇಸ್‌ಬಾಲಿನಲ್ಲಿ ಚೆಂಡು ಎಸೆಯುವವನಿಗೆ ಪಿಚರ್ ಎನ್ನುತ್ತಾರೆ. ಅವನು ಒಂದು ಮಣ್ಣಿನ ದಿಬ್ಬದ ಮೇಲೆ ನಿಂತಲ್ಲೇ ನಿಂತು ಎಸೆಯಬೇಕು. ಭಾವ ಮೊದಲ ದಿನ ಬೇಲಿಯ ಹತ್ತಿರದಿಂದ ಓಡಿ ಬಂದು, ದಿಬ್ಬವನ್ನು ಹಾರಿ ದಾಟಿ, ಚೆಂಡನ್ನು ನೆಲಕ್ಕೆ ಕುಕ್ಕಿದರು. ಎದುರಿಗೆ ಚೆಂಡು ಹಿಡಿಯಲು ಕೂತಿದ್ದ ಕ್ಯಾಚರ್ ಎದ್ದು ಓಡಿಹೋದ. ನೆಲಕ್ಕೇಕೆ ಹೊಡೆಯುತ್ತೀ ಎಂದು ಕೇಳಿದ್ದಕ್ಕೆ ಭಾವ ಹೇಳಿದ್ದು: "ನಮ್ಮೂರಲ್ಲಿ ನೆಲಾನೂ ನಮ್ಮ ಟೀಮಿಗೇ ಆಡುತ್ತೆ."

ಅಂಥವರು ಮೂರು ವರ್ಷದಲ್ಲಿ ಆ ತಂಡದ ಮುಖ್ಯ ಪಿಚರ್ ಆದರು. ಅಂಕ ಬರೆಯುವ ಕೆಲಸಕ್ಕೆ ನನ್ನನ್ನೂ ಎಳೆದುಕೊಂಡು ಹೋದರು.

ಆ ಚಳಿಗಾಲದಲ್ಲಿ ಇಬ್ಬರು ಆಟಗಾರರು ಬೇರೆ ಊರಲ್ಲಿ ಕೆಲಸ ಸಿಕ್ಕಿ ಹೋದರು. ಉಳಿದವರು ಎಂಟು ಜನ. ಆಡಲು ಒಂಬತ್ತು ಜನ ಬೇಕೇ ಬೇಕು. ಅತ್ತ ಸ್ಯಾಂಡ್‌ವಿಕೆನ್ ಊರಿನ ತಂಡದಲ್ಲಿ ಹುಡುಗರು ಬೇಕಾದಷ್ಟು, ಆದರೆ ಪಿಚರನ ಭುಜ ಕೆಟ್ಟು ಕೂತಿತ್ತು. ಅವರಿಂದ ಫೋನು ಬಂತು: ನಿಮ್ಮ ಹಿರಿಯ ಪಿಚರನ್ನು ಕೊಡಿ, ನಮ್ಮ ಇಬ್ಬರು ಹುಡುಗರನ್ನು ತೆಗೆದುಕೊಳ್ಳಿ. ಅಣ್ಣತಮ್ಮಂದಿರು. ಒಬ್ಬನಿಗೆ ಹದಿನೇಳು, ಇನ್ನೊಬ್ಬನಿಗೆ ಹದಿನಾರು. ಇಬ್ಬರೂ ಚೆಂಡು ಎಸೆಯಲು ಕಲಿಯುತ್ತಿದ್ದರು. ಶನಿವಾರ ಮಧ್ಯಾಹ್ನ ಒಂದು ಗಂಟೆಯೊಳಗೆ ಉತ್ತರ ಬೇಕು.

ಭಾವನನ್ನು ಇಟ್ಟುಕೊಂಡರೆ ತಂಡವೇ ಇಲ್ಲ. ತಂಡ ಬೇಕೆಂದರೆ ಭಾವ ಇಲ್ಲ.

ಹಿಂದಿನ ಸಂಜೆ ಊಟದ ಮೇಜಿನ ಮೇಲೆ ಭಾವ ವ್ಯವಹಾರವನ್ನು ಜರಡಿ ಹಿಡಿದರು. ತಮ್ಮ ವಿಷಯವನ್ನು ಮೂರನೆಯವರ ವಿಷಯದಂತೆ ಮಾತಾಡುವುದು ನೋಡಬೇಕಿತ್ತು!

"ಪಿಚರ್‌ಗೆ ನಲವತ್ತನಾಲ್ಕು ಕಣಯ್ಯ. ಎಸೆತದಲ್ಲಿ ವೇಗ ಇಲ್ಲ. ಮೋಡ ಆದ್ರೆ ಭುಜ ಹಿಡ್ಕೊಳ್ಳುತ್ತೆ. ಇನ್ನು ಮೂರು ವರ್ಷಕ್ಕೆ ಆ ಹುಡುಗರು ಹೆಂಗಿರ್ತಾರೆ, ಈ ಮನುಷ್ಯ ಹೆಂಗಿರ್ತಾನೆ? ಯಾರನ್ನ ಇಟ್ಕೋತೀಯ, ಹೇಳು."

"ರೀ, ನಾನೂ ಹಂಗೇ ಲೆಕ್ಕ ಹಾಕಿದ್ರೆ ನೀವೆಲ್ಲಿರ್ತಿದ್ರಿ?" ಎಂದಳು ಅಕ್ಕ.

"ಭಾವನಾತ್ಮಕವಾಗಿ ಮಾತಾಡ್ಬೇಡ ಕಣೇ, ಇದು ಟೀಮಿನ ವಿಷಯ."

"ಸರಿ. ಆ ಪಿಚರ್ ಇನ್ನೂ ಸ್ವಲ್ಪ ಮೊಸರನ್ನ ತಿಂತಾನಾ, ಕೇಳಿ ಹೇಳಿ."

ಭಾವ ತಟ್ಟೆ ಮುಂದಕ್ಕೆ ತಳ್ಳಿದರು. ತಿಂದರೋ? ಇಲ್ಲ. ಮೊಸರನ್ನ ಬಿಟ್ಟೆದ್ದ ಭಾವನನ್ನು ನಾನು ನೋಡಿದ್ದು ಅದೇ ಮೊದಲು.

ಸಭೆಗೆ ಬಂದರೆ ಇನ್ನೊಂದು ತೊಡಕು. ಯಾರ ವಿಷಯ ಚರ್ಚೆಯಾಗುತ್ತದೋ ಅವರು ಒಳಗಿರಬಾರದು ಎನ್ನುವುದು ಕ್ಲಬ್ಬಿನ ನಿಯಮ. ಭಾವನನ್ನು ಹೊರಗೆ ಕಳಿಸಿ ಗಾಜಿನ ಬಾಗಿಲು ಹಾಕಿದರು. ಸ್ವೀಡನ್ನಿನ ಸಭೆ ಗೊತ್ತಲ್ಲ? ಮೇಜಿನ ಸುತ್ತ ಒಬ್ಬೊಬ್ಬರೂ ಸರದಿಯಲ್ಲಿ ಮಾತಾಡಬೇಕು, ಯಾರೂ ಯಾರ ಮಾತನ್ನೂ ಕತ್ತರಿಸಬಾರದು, ನಡುವೆ ಕಾಫಿ ಮತ್ತು ದಾಲ್ಚಿನ್ನಿ ಬನ್ನು. ಭಾವ ಮಾತ್ರ ಬಾಗಿಲು ತಟ್ಟಿದರು. "ಒಂದು ಅಂಶ ಬಿಟ್ಟುಹೋಗಿದೆ. ಪಿಚರ್ ತುಂಬಾ ಮಾತಾಡ್ತಾನೆ, ಅದನ್ನೂ ಲೆಕ್ಕಕ್ಕೆ ತಗೊಳ್ಳಿ." ಹೊರಗೆ ಕಳಿಸಿದರು. ಮತ್ತೆ ತಟ್ಟಿದರು. ಈ ಸಲ ಕೈಯಲ್ಲಿ ಫ್ಲಾಸ್ಕು: "ನಿಮ್ಮ ಕಾಫಿ ಮುಗಿದಿತ್ತು ಅನ್ಸುತ್ತೆ."

ಹನ್ನೆರಡು ಮುಕ್ಕಾಲಾಯಿತು. ಅಧ್ಯಕ್ಷ, ಗಡ್ಡದ ಬಡಗಿ, ಕೇಳಿದ: "ಬದಲಾವಣೆಗೆ ಒಪ್ಪುವವರು ಕೈ ಎತ್ತಿ."

ಒಂದು ಕೈಯೂ ಏಳಲಿಲ್ಲ.

"ಬೇಡ ಎನ್ನುವವರು?"

ಅದಕ್ಕೂ ಇಲ್ಲ! ಏಳು ಜನ ತಮ್ಮ ತಮ್ಮ ಬನ್ನು ನೋಡುತ್ತಾ ಕೂತಿದ್ದರು. ಸಭೆಯ ವರದಿ ಬರೆಯಲು ನಾನು ಪೆನ್ನು ಹಿಡಿದು ಕೂತಿದ್ದೆ. ಒಂದು ಗಂಟೆಗೆ ಇನ್ನು ಆರೇ ನಿಮಿಷ. ಅಧ್ಯಕ್ಷ ಇನ್ನೊಮ್ಮೆ, "ಒಪ್ಪುವವರು?" ಎಂದ. ಆಗ ಗಾಜಿನ ಆಚೆ ನಿಂತಿದ್ದ ಭಾವ ಬಲಗೈ ಎತ್ತಿದರು. ಮೋಡ ಕವಿದಿತ್ತು, ಆ ಕೈ ಪೂರ್ತಿ ಮೇಲೆ ಹೋಗಲಿಲ್ಲ. ಎಡಗೈಯಿಂದ ಮೊಣಕೈಗೆ ಆಸರೆ ಕೊಟ್ಟು ಎತ್ತಿ ಹಿಡಿದುಕೊಂಡರು.

"ಆ ಮತ ಲೆಕ್ಕಕ್ಕಿಲ್ಲ," ಎಂದ ಅಧ್ಯಕ್ಷ. ಆದರೆ ಕ್ಯಾಚರ್ ಅತ್ತ ನೋಡಿದ. ಅಂದು ಎದ್ದು ಓಡಿಹೋದವನೇ. ನಿಧಾನವಾಗಿ ಅವನ ಕೈ ಎದ್ದಿತು. ಆಮೇಲೆ ಒಂದೊಂದಾಗಿ ಉಳಿದ ಕೈಗಳೂ ಎದ್ದವು. ಸರ್ವಾನುಮತ ಎಂದು ಬರೆದೆ.

ಒಳಗೆ ಕರೆದಾಗ ಭಾವ ಎಲ್ಲರ ಕೈ ಕುಲುಕಿ, "ಒಳ್ಳೇ ವ್ಯಾಪಾರ," ಎಂದು ನಕ್ಕರು. ನಗುತ್ತಲೇ ಹೊರಟುಹೋದರು.

ಕಾರಿನ ಹತ್ತಿರ ಅವರಿರಲಿಲ್ಲ. ಹುಡುಕಿಕೊಂಡು ಹೋದರೆ ದಿಬ್ಬದ ಮೇಲೆ ಮಂಡಿಯೂರಿ ಕೂತಿದ್ದರು. ಮೂರು ವರ್ಷ ಎಸೆದೂ ಎಸೆದೂ ಅವರ ಎಡಗಾಲು ಬೀಳುವ ಕಡೆ ಒಂದು ಗುಂಡಿ ಬಿದ್ದಿತ್ತು. ಸಲಿಕೆಯಿಂದ ಒದ್ದೆ ಜೇಡಿಮಣ್ಣು ತುಂಬಿ, ಅಂಗೈಯಿಂದ ತಟ್ಟಿ ತಟ್ಟಿ ಸಮ ಮಾಡುತ್ತಿದ್ದರು.

"ಏನ್ ಭಾವ ಇದು?"

"ಆ ಹುಡುಗರು ಗಿಡ್ಡ ಕಣೋ. ಅವರ ಹೆಜ್ಜೆ ಇಷ್ಟು ದೂರ ಬರಲ್ಲ. ಗುಂಡಿ ಅಂಚಿಗೆ ಕಾಲಿಟ್ರೆ ಪಾದ ಉಳುಕುತ್ತೆ." ಸ್ವಲ್ಪ ಹೊತ್ತು ತಟ್ಟಿದರು. "ನೀನು ನಿಂತು ನೋಡು, ಗಟ್ಟಿಯಾಗಿದ್ಯಾ?"

ನಿಂತೆ. ಗಟ್ಟಿಯಾಗಿತ್ತು. ಅಲ್ಲಿ ಗುಂಡಿ ಇತ್ತೆಂದು ಹೇಳುವಂತೆಯೇ ಇರಲಿಲ್ಲ.

ಮೇ ತಿಂಗಳಲ್ಲಿ ಅವರು ಸ್ಯಾಂಡ್‌ವಿಕೆನ್‌ಗೆ ಮೊದಲ ಪಂದ್ಯ ಆಡಿದ ದಿನವೇ ನಮಗೂ ಇಲ್ಲಿ ಪಂದ್ಯ. ನಾನು ಅಂಕ ಬರೆಯಬೇಕಿತ್ತು. ಅಕ್ಕನಿಗೆ, "ಹೊಸ ಜಾಗ, ನೆಂಟರು ಬೇಡ" ಎಂದುಬಿಟ್ಟಿದ್ದರು. ಸಂಜೆ ಬಂದವರು "ಪರವಾಗಿಲ್ಲ, ಆಯ್ತು" ಎಂದದ್ದು ಬಿಟ್ಟರೆ ಇವತ್ತಿನವರೆಗೂ ಒಂದು ಮಾತು ಆಡಿಲ್ಲ. ಅಷ್ಟು ಮಾತಾಡುವ ಮನುಷ್ಯ! ಆವತ್ತು ಆ ಮೈದಾನದ ಬದಿಯಲ್ಲಿ ಯಾರಾದರೂ ಕನ್ನಡದವರು ನಿಂತಿದ್ದರೆ, ಅವರು ಹೇಗೆ ಎಸೆದರು, ಅವರಿಗೆ ಯಾರಾದರೂ ಚಪ್ಪಾಳೆ ತಟ್ಟಿದರೇ, ದಯವಿಟ್ಟು ನನಗೆ ಬರೆದು ತಿಳಿಸಿ.