ತಗಡುರಾಯನ ಎದೆಯೊಳಗಿನ ಗೂಡು

ಆ ದಿನ ಬೆಳಿಗ್ಗೆ ಬಾಡಿಗೆ ಪುಸ್ತಕದಂಗಡಿಯ ಯಜಮಾನರು ಹಲ್ಲಪ್ಪನನ್ನು ಕೂಗಿ ಕರೆಯದೇ ಇದ್ದಿದ್ದರೆ, ಸಂಜೆಯ ಹೊತ್ತಿಗೆ ಒಬ್ಬ ನಿವೃತ್ತ ಮೇಷ್ಟ್ರ ಬಾಯಲ್ಲಿ ಹೊಸ ಹಲ್ಲು ಸುಖವಾಗಿ ಕೂತಿರುತ್ತಿತ್ತು.

ಹಲ್ಲಪ್ಪ ಅನ್ನುವುದು ಬೀದಿಯವರು ಇಟ್ಟ ಹೆಸರು. ದಂತವೈದ್ಯರ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಕೂತು ಬೊಚ್ಚು ಬಾಯಿಯವರಿಗೆ ಹಲ್ಲಿನ ಸೆಟ್ಟು ಕಟ್ಟುವುದು ಅವನ ಕೆಲಸ.

"ಅಂಗಡಿ ಮುಚ್ತಾ ಇದ್ದೀನಪ್ಪಾ," ಎಂದರು ಯಜಮಾನರು. "ನೀನು ಕೇಳ್ತಿದ್ದ ತಗಡುರಾಯನ ಹಳೇ ಸಂಚಿಕೆ ಅಟ್ಟದಲ್ಲಿ ಸಿಕ್ತು, ಈಗ ಪೂರ್ತಿ ಇದಾನೆ ನೋಡು, ಶುರುವಿನಿಂದ ಹೋದ ತಿಂಗಳಿನವರೆಗೆ. ಸಂಜೆ ರದ್ದಿಯವನು ಬಂದು ಎತ್ಕೊಂಡು ಹೋಗ್ತಾನೆ. ಹಳೇ ಗಿರಾಕಿ ನೀನು, ಒಂದು ಕಟ್ಟು ಸುಮ್ಮನೆ ಕೊಡ್ತೀನಿ. ಒಂದೇ ಕಟ್ಟು. ಯಾವುದು ಬೇಕು?"

ಹಲ್ಲಪ್ಪ ತಲೆ ಎತ್ತಿ ನೋಡಿದ. ಗೋಡೆಯುದ್ದಕ್ಕೂ, ನೆಲದಿಂದ ಸೂರಿನವರೆಗೆ, ವರ್ಷಕ್ಕೊಂದರಂತೆ ಕಟ್ಟಿದ ಕಟ್ಟುಗಳು. ಒಳಗೆಲ್ಲ ಅವನೇ, ತಗಡುರಾಯ! ಡಬ್ಬದಂಥ ತಲೆ, ಬಕೆಟ್ಟಿನಂಥ ಪಾದ, ಎದೆಯಲ್ಲೊಂದು ಪುಟ್ಟ ಬಾಗಿಲು. ಚಿಕ್ಕಂದಿನಲ್ಲಿ ಒಂದೇ ಚಾಪೆಯ ಮೇಲೆ, ಒಂದೇ ಪುಸ್ತಕಕ್ಕೆ ಎರಡು ತಲೆ ಬಗ್ಗಿಸಿ, ಅಕ್ಕನೂ ಅವನೂ ಓದಿದ ರೋಬಾಟ್ ಚಿತ್ರಕತೆ. ತಮ್ಮ ಅಕ್ಷರ ಕೂಡಿಸಿ ಮುಗಿಸುವವರೆಗೆ ಅಕ್ಕ ಪುಟ ತಿರುಗಿಸುತ್ತಿರಲಿಲ್ಲ. ಆಮೇಲೆ ಅಪ್ಪನ ಕೆಲಸ ಬೇರೆ ಊರಿಗೆ ಬದಲಾಯಿತು, ಓದು ನಿಂತಿತು. ತಗಡುರಾಯ ಮಾತ್ರ ನಿಲ್ಲಲಿಲ್ಲ. ಬಸ್ ನಿಲ್ದಾಣದಲ್ಲಿ ಹೊಸ ಸಂಚಿಕೆ ಕಂಡಾಗಲೆಲ್ಲ ಹಲ್ಲಪ್ಪನ ಕೈ ಮುಂದೆ ಹೋಗುತ್ತಿತ್ತು, ಮತ್ತೆ ಹಿಂದಕ್ಕೆ ಬರುತ್ತಿತ್ತು. ಬಿಟ್ಟ ಜಾಗದಿಂದಲೇ ಓದಬೇಕು, ನಡುವೆ ಎಲ್ಲೋ ನುಗ್ಗಬಾರದು ಎಂದು ಅವನ ಹಟ.

ಬಿಟ್ಟ ಜಾಗ ಅವನಿಗೆ ಚೆನ್ನಾಗಿ ನೆನಪಿತ್ತು. ತಗಡುರಾಯನ ಎದೆಯ ಬಾಗಿಲು ತೆರೆದಿದೆ. ಒಳಗೆ ಒಂದು ಹಕ್ಕಿ ಗೂಡು ಕಟ್ಟಿ ಮೊಟ್ಟೆ ಇಟ್ಟಿದೆ. ಅವನು ಅಲುಗಾಡಿದರೆ ಮೊಟ್ಟೆ ಒಡೆಯುತ್ತದೆ. ಎದುರಿನಿಂದ ಶತ್ರುಗಳ ಸೈನ್ಯ ಬರುತ್ತಿದೆ, ತಗಡುರಾಯ ಕಲ್ಲಿನಂತೆ ನಿಂತಿದ್ದಾನೆ. ಅಷ್ಟಕ್ಕೇ ನಿಂತಿತ್ತು. ಮದುವೆಯಾಗಿ, ಮಕ್ಕಳಾಗಿ, ತಲೆ ನರೆತರೂ ಆ ಮೊಟ್ಟೆ ಏನಾಯಿತೋ ಎಂಬ ಕೊರಗು ಹಲ್ಲಪ್ಪನನ್ನು ಬಿಟ್ಟಿರಲಿಲ್ಲ. ಆದರೆ ಅದು ಯಾವ ವರ್ಷದ ಕಟ್ಟು?

"ಒಂದ್ಸಲ ಬಿಚ್ಚಿ ನೋಡ್ಲಾ?"

"ಮುಟ್ಟಬೇಡ! ಕಟ್ಟಿ ಕಟ್ಟಿ ನನ್ನ ಸೊಂಟ ಬಿದ್ದುಹೋಗಿದೆ. ಸಂಜೆಯೊಳಗೆ ಯೋಚನೆ ಮಾಡಿ ಬಂದು ಹೇಳು."

ಅಕ್ಕನನ್ನು ಕೇಳಿದರೆ ಮುಗಿಯುತ್ತಿತ್ತು. ಆದರೆ ಅಕ್ಕ ಬಸ್ ಓಡಿಸುವವಳು, ಸ್ಟೇರಿಂಗ್ ಹಿಡಿದರೆ ಫೋನ್ ಎತ್ತುವವಳಲ್ಲ. ಡ್ಯೂಟಿ ಮುಗಿಯುವುದು ಸಂಜೆಗೆ. ಹಲ್ಲಪ್ಪ ಮೂರು ಸಲ ಫೋನ್ ಮಾಡಿ, ಮೂರು ಸಲವೂ ನಿಟ್ಟುಸಿರು ಬಿಟ್ಟು ಕ್ಲಿನಿಕ್ಕಿಗೆ ಬಂದ.

ಬಂದವನು ಬಾಯಿ ಮುಚ್ಚಿಕೊಂಡು ಕೆಲಸ ಮಾಡಬಹುದಿತ್ತು. ಟೋಕನ್ ಕೊಡುವ ಕಾಂಪೌಂಡರನ ಹತ್ತಿರ ಬಾಯಿಬಿಟ್ಟ.

"ಹಕ್ಕಿ ಗೂಡಿಂದಾ? ಅಯ್ಯೋ, ನಂಗೊತ್ತಿಲ್ವಾ!" ಎಂದ ಕಾಂಪೌಂಡರ್. ಅವನಿಗೆ ಗೊತ್ತಿಲ್ಲದ ವಿಷಯ ಲೋಕದಲ್ಲಿ ಇನ್ನೂ ಹುಟ್ಟಬೇಕಿತ್ತು. "ಸಮುದ್ರದೊಳಗಿನ ಕೋಟೆ ಬರುತ್ತಲ್ಲ, ಅದಾದ ಮೇಲಿನ ವರ್ಷದ್ದು. ಓದಿ ಅತ್ತುಬಿಟ್ಟಿದ್ದೆ ನಾನು."

ಬೆಂಚಿನ ಮೇಲೆ ಹಲ್ಲಿನ ಸೆಟ್ಟಿಗಾಗಿ ಕಾದಿದ್ದ ನಿವೃತ್ತ ಮೇಷ್ಟ್ರು ಕೈ ಎತ್ತಿದರು. ಅವರ ಬಾಯಲ್ಲಿ ಒಂದು ಹಲ್ಲೂ ಇರಲಿಲ್ಲ. ಓದುವವರಿಗೆ ಕಷ್ಟವಾಗದಿರಲೆಂದು ಅವರ ಮಾತಿಗೆ ಇಲ್ಲಿ ಹಲ್ಲು ಕಟ್ಟಿಯೇ ಬರೆಯಬೇಕಾಗಿದೆ.

"ತಪ್ಪು!" ಎಂದರು ಮೇಷ್ಟ್ರು. "ಅದು ಚಂದ್ರಲೋಕಕ್ಕೆ ಹೋಗೋದಕ್ಕಿಂತ ಮುಂಚಿಂದು. ಬಲಗಡೆ ಪುಟ, ಮೇಲಿನ ಚೌಕ. ಹಳದಿ ಹಕ್ಕಿ. ಕ್ಲಾಸಿನಲ್ಲಿ ಒಬ್ಬನಿಂದ ಕಿತ್ಕೊಂಡು ಸ್ಟಾಫ್ ರೂಮಲ್ಲಿ ಕೂತು ಓದಿದ್ದೆ."

ಗದ್ದಲ ಕೇಳಿ ಡಾಕ್ಟರಮ್ಮ ಒಳಗಿನಿಂದ ಬಂದರು. ಬೈಯುವುದಕ್ಕೆಂದೇ ಬಂದವರು ವಿಷಯ ಕೇಳಿ ಮೆತ್ತಗಾದರು. "ಹಳದಿ ಅಲ್ಲ ಮೇಷ್ಟ್ರೇ, ನೀಲಿ ಹಕ್ಕಿ. ನಮ್ಮಪ್ಪ ತಂದುಕೊಡ್ತಿದ್ರು. ನಂಗೆ ಈಗ್ಲೂ ಕಣ್ಣಿಗೆ ಕಟ್ಟಿದ ಹಾಗಿದೆ."

ಹಲ್ಲಪ್ಪ ಮೂವರ ಮುಖವನ್ನೂ ನೋಡಿದ. ಇಷ್ಟು ವರ್ಷ ತನ್ನೊಬ್ಬನ ಕೊರಗು ಎಂದುಕೊಂಡಿದ್ದ ಹಕ್ಕಿಯನ್ನು ಊರಿಗೆ ಊರೇ ಎದೆಯಲ್ಲಿಟ್ಟುಕೊಂಡಿದೆಯಲ್ಲ! ಆ ಸಂತೋಷದಲ್ಲಿ ಹೋಗಿ ಮೇಷ್ಟ್ರ ಸೆಟ್ಟಿನ ಮೇಣದ ಅಚ್ಚಿನ ಮುಂದೆ ಕೂತ. ಕೈ ಹಲ್ಲು ಜೋಡಿಸುತ್ತಿತ್ತು, ಮನಸ್ಸು ಚಾಪೆಯ ಮೇಲಿತ್ತು. ಅಕ್ಕನ ದನಿ ಕಿವಿಯಲ್ಲಿ ಕೇಳುತ್ತಿತ್ತು, ಪುಟ ತಿರುಗಿಸಿದ ಸದ್ದೂ ಕೇಳುತ್ತಿತ್ತು. ಅವನಿಗೆ ಬೇಕಾಗಿದ್ದದ್ದು ಆ ಸಂಚಿಕೆಯ ಜೊತೆಗೆ ಚಾಪೆಯ ಮೇಲಿನ ಆ ಹಳೇ ಮಧ್ಯಾಹ್ನವೂ ಹೌದು.

ಮಧ್ಯಾಹ್ನದ ಮೇಲೆ ಡಾಕ್ಟರಮ್ಮ ಅಚ್ಚನ್ನು ಮೇಷ್ಟ್ರ ಬಾಯಿಗಿಟ್ಟು, "ಎಲ್ಲಿ, ನಗಿ," ಎಂದರು. ಮೇಷ್ಟ್ರು ನಕ್ಕರು. ಕಾಂಪೌಂಡರ್ ಟೋಕನ್ ಕೆಳಗೆ ಬೀಳಿಸಿದ. ಮುಂದಿರಬೇಕಾದ ಹಲ್ಲೆಲ್ಲ ಹಿಂದೆ ಹೋಗಿ ಕೂತು, ದವಡೆ ಹಲ್ಲುಗಳು ಸಾಲಾಗಿ ಮುಂದೆ ಬಂದು ನಿಂತಿದ್ದವು. ಮೇಷ್ಟ್ರು ಹುಲ್ಲು ಮೇಯಲು ಸಿದ್ಧರಾದಂತೆ ಕಾಣುತ್ತಿದ್ದರು.

"ಇದೇನ್ರೀ ಇದು?" ಡಾಕ್ಟರಮ್ಮನ ದನಿ ಬೀದಿಗೆ ಕೇಳಿತು. "ಪೂರ್ತಿ ಕಿತ್ತು ಮತ್ತೆ ಜೋಡಿಸಿ. ಮುಗಿಯೋವರೆಗೆ ಕುರ್ಚಿ ಬಿಟ್ಟು ಏಳಬೇಡಿ!"

"ಅಮ್ಮಾ, ರದ್ದಿಯವನು ಬಂದುಬಿಡ್ತಾನೆ..."

"ಅದಕ್ಯಾಕೆ ಚಿಂತೆ?" ಎಂದರು ಮೇಷ್ಟ್ರು. ತಮ್ಮ ಬಾಯಿಗಾದ ಅವಮಾನವನ್ನು ಆಗಲೇ ಮರೆತಿದ್ದರು. "ನಾನು ಹೋಗಿ ತರ್ತೀನಿ. ಕಟ್ಟು ಯಾವುದು ಅಂತ ನಂಗೆ ಗೊತ್ತಲ್ಲ."

"ನಾನೂ ಬರ್ತೀನಿ," ಎಂದ ಕಾಂಪೌಂಡರ್. "ಇವರನ್ನ ನಂಬಿದ್ರೆ ತಪ್ಪು ಕಟ್ಟು ತರ್ತಾರೆ."

ಹಲ್ಲಪ್ಪ ಮೇಣ ಕಾಯಿಸುತ್ತ ಕೂತ. ಅವರಿಬ್ಬರೂ ಅಂಗಡಿಯಲ್ಲಿ ಸಮುದ್ರವೋ ಚಂದ್ರನೋ ಎಂದು ಕಿತ್ತಾಡಿದ್ದು ಅವನಿಗೆ ಕಾಣಲಿಲ್ಲ. ಕಿಟಕಿಯಲ್ಲಿ ಕಂಡದ್ದು ರದ್ದಿಯವನ ಗಾಡಿ. ಅವನ ಇಡೀ ಬಾಲ್ಯ ಗಾಡಿಯ ಮೇಲೆ ಬೆಟ್ಟದಂತೆ ಕೂತು ಬೀದಿ ದಾಟಿ ಹೋಯಿತು. ಅದರ ಹಿಂದೆಯೇ ಮೇಷ್ಟ್ರು ಒಂದು ಕಟ್ಟನ್ನು ಮಗುವಿನಂತೆ ಎತ್ತಿಕೊಂಡು ಬಂದರು.

ಬಾಗಿಲು ಮುಚ್ಚಿ, ನಾಲ್ವರೂ ಮೇಜಿನ ಸುತ್ತ ನಿಂತು ಕಟ್ಟು ಬಿಚ್ಚಿದರು. ತಗಡುರಾಯ ಬೆಂಕಿ ಆರಿಸುತ್ತಿದ್ದ, ಸೇತುವೆ ಎತ್ತುತ್ತಿದ್ದ, ಮೊಸಳೆಯ ಜೊತೆ ಕುಸ್ತಿ ಮಾಡುತ್ತಿದ್ದ. ಹಕ್ಕಿ ಮಾತ್ರ ಇರಲಿಲ್ಲ. ಕೊನೆಯ ಸಂಚಿಕೆಯ ಕೊನೆಯ ಪುಟದವರೆಗೂ ಒಂದು ಪುಕ್ಕ ಕೂಡ ಕಾಣಲಿಲ್ಲ.

"ನಾನು ಹೇಳಿದ ಕಟ್ಟು ತಂದಿದ್ರೆ ಸಿಕ್ಕಿರೋದು," ಎಂದ ಕಾಂಪೌಂಡರ್.

ಅಷ್ಟರಲ್ಲಿ ಅಕ್ಕನ ಫೋನ್ ಬಂತು. ಹಲ್ಲಪ್ಪ ಎಲ್ಲರಿಗೂ ಕೇಳುವಂತೆ ಅದನ್ನು ಮೇಜಿನ ಮೇಲಿಟ್ಟ.

"ಏನೋ, ಮೂರ್ ಮೂರ್ ಸಲ ಫೋನ್ ಮಾಡಿದೀಯ? ಎಲ್ಲ ಹುಷಾರಾಗಿದೀರ ತಾನೆ?"

"ಅಕ್ಕಾ, ತಗಡುರಾಯನ ಎದೇಲಿ ಹಕ್ಕಿ ಗೂಡು ಕಟ್ಟಿತ್ತಲ್ಲ, ಅದು ಯಾವ ಸಂಚಿಕೆ?"

ಆ ಕಡೆ ಬಸ್ ಡಿಪೋ ಎಲ್ಲ ಕೇಳುವಂಥ ನಗು.

"ಅಯ್ಯೋ ಮಂಕೇ! ಅದು ಯಾವ ಸಂಚಿಕೇಲೂ ಇಲ್ಲ ಕಣೋ. ನಾನು ಕಟ್ಟಿದ್ದು."

"ಇಲ್ಲಕ್ಕಾ, ನಾನು ಚಿತ್ರ ನೋಡಿದೀನಿ."

"ಎಲ್ಲಿ ನೋಡಿದೀಯ? ಕಣ್ಣಿನ ಆಪರೇಷನ್ ಆಗಿ ಎರಡೂ ಕಣ್ಣಿಗೆ ಬ್ಯಾಂಡೇಜ್ ಹಾಕಿದ್ರು ನಿಂಗೆ. ತಲೆ ಅಲುಗಾಡಿಸಲೇಬಾರದು ಅಂದಿದ್ರು ಡಾಕ್ಟ್ರು. ನೀನೋ, ಒಂದ್ ಗಳಿಗೆ ಸುಮ್ಮನೆ ಮಲಗೋನಲ್ಲ. ಅದಕ್ಕೆ ತಗಡುರಾಯನ್ನೂ ಅಲುಗಾಡದ ಹಾಗೆ ನಿಲ್ಲಿಸಿಬಿಟ್ಟೆ. ಪುಟ ತಿರುಗಿಸಿದ ಸದ್ದು ಬರಲಿ ಅಂತ ಕೈಯಲ್ಲಿ ಹಳೇ ಕ್ಯಾಲೆಂಡರ್ ಹಿಡ್ಕೊಂಡಿದ್ದೆ. ಮೊಟ್ಟೆ ಒಡೆಯುತ್ತೆ ಅಂತ ನೀನು ಉಸಿರು ಬಿಗಿಹಿಡ್ಕೊಂಡು ಮಲಗಿರ್ತಿದ್ದೆ, ಪಾಪ."

ಹಲ್ಲಪ್ಪನ ಕಣ್ಣು ತುಂಬಿತು. ಡಾಕ್ಟರಮ್ಮ ಸೂರು ನೋಡುತ್ತಿದ್ದರು. ಕಾಂಪೌಂಡರ್ ಇಲ್ಲದ ಟೋಕನ್ನುಗಳನ್ನು ಜೋಡಿಸತೊಡಗಿದ್ದ.

"ಹೋಗ್ಲಿ ಅಕ್ಕಾ," ಎಂದ ಹಲ್ಲಪ್ಪ ಮೆಲ್ಲಗೆ. "ನೀನೇ ಕಟ್ಟಿದ್ದಲ್ವಾ. ಮುಂದೇನಾಯ್ತು, ಈಗ ಹೇಳು."

"ಮುಂದೇನು! ಬ್ಯಾಂಡೇಜ್ ಬಿಚ್ಚಿದ್ರು, ನೀನೆದ್ದು ಬೀದಿಗೆ ಓಡಿದೆ. ಆ ವಾರವೇ ಊರು ಬಿಟ್ವಿ. ನಾನು ಮುಂದಿಂದು ಯೋಚನೆನೇ ಮಾಡ್ಲಿಲ್ಲ."

ಮೇಷ್ಟ್ರು ಇಷ್ಟು ಹೊತ್ತೂ ತಡೆದುಕೊಂಡಿದ್ದರು. ಈಗ ಫೋನಿನ ಮೇಲೆ ಬಗ್ಗಿದರು.

"ತಾಯೀ, ನಿಮಗೆ ಮರೆವು. ನಾನು ಮೇಷ್ಟ್ರು, ಕಣ್ಣಾರೆ ಓದಿದೀನಿ. ಮೂರು ಮರಿ ಆದ್ವು. ಸೈನ್ಯದ ಯಜಮಾನ ನೋಡಿ ಕಣ್ಣೀರು ಹಾಕಿದ."

"ಎರಡು ಮರಿ," ಎಂದರು ಡಾಕ್ಟರಮ್ಮ, ಸೂರು ನೋಡುವುದನ್ನು ಬಿಟ್ಟು.

"ಹೌದಾ ಮೇಷ್ಟ್ರೇ?" ಅಕ್ಕನ ದನಿಯಲ್ಲಿ ನಗು ಹೋಗಿ ಕುತೂಹಲ ಬಂದಿತ್ತು. "ಅಂದ್ರೆ ಮೊಟ್ಟೆ ಒಡೀಲಿಲ್ವಾ? ಸ್ವಲ್ಪ ಶುರುವಿಂದ ಹೇಳಿ. ಲೋ ತಮ್ಮಾ, ನೀನು ನಡುವೆ ಮಾತಾಡಬೇಡ, ಸುಮ್ಮನೆ ಕೂತ್ಕೋ."