ನಮ್ಮ ಭಾವನ ಟರ್ಬೊ ಜೀಪು

ನಮ್ಮ ಭಾವನಿಗೆ ಹುಚ್ಚು ಹಿಡಿದಿಲ್ಲ ಎಂದು ಇಡೀ ದಾವಣಗೆರೆಯಲ್ಲಿ ವಾದಿಸುತ್ತಿದ್ದವಳು ನಾನೊಬ್ಬಳೇ. ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಆ ವರ್ಷ ನಾನೂ ವಾದ ನಿಲ್ಲಿಸಿದೆ. ಮೂರನೇ ಗೇರು ದಾಟಿ ಎಂದೂ ಜೀಪು ಓಡಿಸದ ಮನುಷ್ಯ ಇದ್ದಕ್ಕಿದ್ದಂತೆ ಅದೇ ಜೀಪಿಗೆ ಜಪಾನಿನ ಟರ್ಬೊ ಎಂಜಿನ್ ತರಿಸಿದರೆ ಅವರ ಪರವಾಗಿ ನಿಂತು ಏನಂತ ವಾದಿಸುವುದು?

ಭಾವ ಅಂದರೆ ನನ್ನ ಅಕ್ಕನ ಗಂಡ. ಪೇಟೆಯಲ್ಲಿ ಹಗ್ಗ, ತಾಡಪಾಲು, ಗೋಣಿಚೀಲದ ಸಗಟು ಅಂಗಡಿ. ಮಾತು ಕಡಿಮೆ, ಅದಕ್ಕಿಂತ ಕಡಿಮೆ ವೇಗ. ಅವರ ಜೊತೆ ಜೀಪಿನಲ್ಲಿ ಹರಿಹರಕ್ಕೆ ಹೊರಟರೆ ನಾವು ಬುತ್ತಿ ಕಟ್ಟಿಕೊಂಡೇ ಹತ್ತುತ್ತಿದ್ದೆವು. ಹಾಲಿನ ಕ್ಯಾನು ನೇತು ಹಾಕಿಕೊಂಡ ಸೈಕಲ್ಲಿನವರು ನಮ್ಮನ್ನು ಹಿಂದೆ ಹಾಕಿ ಹೋಗುತ್ತಿದ್ದರು. ಅವರಲ್ಲೊಬ್ಬ ಪುಣ್ಯಾತ್ಮ ಒಮ್ಮೆ ಪಕ್ಕಕ್ಕೆ ಬಂದು, ಗಾಡಿ ಕೆಟ್ಟಿದೆಯೇ, ತಳ್ಳಬೇಕೇ ಎಂದು ವಿಚಾರಿಸಿದ. ಭಾವನಿಗೆ ಬೇಸರವಿಲ್ಲ. ಜೀಪು ಓಡಿಸುತ್ತಲೇ ಅವನೊಂದಿಗೆ ಮಳೆ ಬೆಳೆ ಮಾತಾಡಿದರು, ಅವನ ಎಮ್ಮೆ ಈದ ಸುದ್ದಿ ಕೇಳಿದರು, ಕೊನೆಗೆ ಅವನಿಗೇ ತಡವಾಗುತ್ತದೆಂದು ಮುಂದೆ ಕಳಿಸಿಕೊಟ್ಟರು.

ಇಂಥವರ ಮನೆಗೆ ಮುಂಬಯಿಯಿಂದ ತಾಡಪಾಲು ಹೊತ್ತು ಬಂದ ಲಾರಿಯಲ್ಲಿ ಒಂದು ಎಂಜಿನ್ನೂ ಬಂದಿಳಿಯಿತು. ಜಪಾನಿನಲ್ಲಿ ಯಾವುದೋ ಕಾರಿನಲ್ಲಿ ಓಡಿ, ಗುಜರಿಗೆ ಬಿದ್ದು, ಹಡಗು ಹತ್ತಿ ಬಂದದ್ದಂತೆ. ಅಕ್ಕನ ಅತ್ತೆ ಅದನ್ನು ದೊಡ್ಡ ಗ್ರೈಂಡರ್ ಎಂದುಕೊಂಡು, ಇಷ್ಟು ದೊಡ್ಡದರಲ್ಲಿ ಎಷ್ಟು ಜನಕ್ಕೆ ಹಿಟ್ಟು ರುಬ್ಬುವುದು ಎಂದು ಕಳವಳಪಟ್ಟರು. ಎಂಜಿನ್ ಎಂದು ಗೊತ್ತಾದ ಮೇಲೂ ಮನೆಗೆ ಬಂದದ್ದನ್ನು ಹಾಗೇ ಬಿಡಬಾರದೆಂದು ವಿಭೂತಿ ಹಚ್ಚಿ ಹೂವಿಟ್ಟರು. ಜಪಾನಿನ ಎಂಜಿನ್ನು ಆವತ್ತೇ ನಮ್ಮ ಮನೆಯದಾಯಿತು. ಆದರೆ ಅದು ಯಾಕೆ ಬಂತು ಅಂತ ಮಾತ್ರ ಯಾರಿಗೂ ಗೊತ್ತಾಗಲಿಲ್ಲ.

ನಾನು ಅಕ್ಕನ ಮನೆಯಲ್ಲೇ ಇದ್ದುಕೊಂಡು ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳುವವಳು. ಲೋಪಸಂಧಿ, ಆಗಮಸಂಧಿ ಬಿಟ್ಟರೆ ಬೇರೆ ಯಾವ ಜೋಡಣೆಯೂ ನನಗೆ ತಿಳಿಯದು. ಆದರೂ ಕೇಳಿದೆ, ಏನಿದು ಟರ್ಬೊ ಅಂದರೆ? ಮಾತೇ ಆಡದ ಭಾವ ಆವತ್ತು ಜಗಲಿ ಮೇಲೆ ಕೂತು ಪಾಠ ಶುರು ಮಾಡಿದರು. ಒಲೆ ಚೆನ್ನಾಗಿ ಉರಿಯಲೆಂದು ಊದುಗೊಳವೆಯಲ್ಲಿ ಊದುತ್ತೀರಲ್ಲ, ಇದು ಹಾಗೇ ಎಂಜಿನ್ನಿಗೆ ಗಾಳಿ ಊದುತ್ತದೆ ಎಂದರು. ಊದುವವರು ಯಾರು ಎಂದೆ. ಎಂಜಿನ್ನಿನ ಹೊಗೆಯೇ ಒಂದು ಚಕ್ರ ತಿರುಗಿಸುತ್ತದೆ, ಆ ಚಕ್ರ ಗಾಳಿ ಊದುತ್ತದೆ ಎಂದರು. ಹೊಗೆ ಬರಬೇಕಾದರೆ ಮೊದಲು ಊದಬೇಕಲ್ಲ ಎಂದೆ.

"ಅದು ಹಂಗಲ್ಲವ್ವ. ಅದನ್ನ ಬಿಡು, ವಾಲ್ವ್ ವಿಷಯ ಹೇಳ್ತೀನಿ," ಎಂದರು.

ವಾಲ್ವ್ ಅಂದರೆ ಬಾಗಿಲಂತೆ. ಗಾಳಿ ಒಳಗೆ ಬರಲೊಂದು, ಹೊಗೆ ಹೊರಗೆ ಹೋಗಲೊಂದು. ಬೇರೆ ಎಂಜಿನ್ನುಗಳಲ್ಲಿ ಬಾಗಿಲು ತೆರೆಯುವ ಹೊತ್ತು ಒಂದೇ, ಬದಲಾಗುವುದಿಲ್ಲ. ಇದರಲ್ಲಿ ಮಾತ್ರ ಎಂಜಿನ್ನು ಎಷ್ಟು ಜೋರಾಗಿ ತಿರುಗುತ್ತಿದೆ ಎಂದು ನೋಡಿಕೊಂಡು ಒಳಬಾಗಿಲು ಕೊಂಚ ಮುಂಚೆಯೋ ಕೊಂಚ ತಡವಾಗಿಯೋ ತೆರೆಯುತ್ತದೆ. ನಮ್ಮ ಶಾಲೆಯ ಜವಾನ ಹೆಡ್‌ಮಾಸ್ಟರ್ ಬರುವ ರಭಸ ನೋಡಿ ಗೇಟು ತೆಗೆಯುವ ಹಾಗೆಯೇ ಎಂದು ಕೇಳಿದೆ. ಭಾವನ ಮುಖ ಅರಳಿತು. ಅದೇ, ಅದೇ ಎಂದರು. ನನಗೂ ಎಲ್ಲ ತಿಳಿಯಿತು ಅನ್ನಿಸಿತು. ಬೆಳಿಗ್ಗೆ ಎದ್ದು ನೋಡಿದರೆ ತಲೆಯಲ್ಲಿ ಹೆಡ್‌ಮಾಸ್ಟರು ಮತ್ತು ಜವಾನ ಮಾತ್ರ ಉಳಿದಿದ್ದರು, ಎಂಜಿನ್ನು ಎಲ್ಲಿ ಹೋಯಿತೋ! ಶಾಲೆಯ ವಿಜ್ಞಾನದ ಮೇಷ್ಟ್ರನ್ನು ಹಿಡಿದೆ. ಅವರು ಹುಮ್ಮಸ್ಸಿನಿಂದ ಬೋರ್ಡಿನ ಮೇಲೆ ಚಿತ್ರ ಬರೆಯತೊಡಗಿ, ಅರ್ಧಕ್ಕೆ ನಿಂತು, ಚಿತ್ರವನ್ನು ದಿಟ್ಟಿಸಿ, ತಾವೇ ಒರೆಸಿ, ಈ ಸಲ ಬಿಸಿಲು ಜಾಸ್ತಿ ಎಂದು ಹೊರಟುಹೋದರು.

ಹರಿಹರದ ಹತ್ತಿರ ಗುತ್ತೂರಿನಲ್ಲಿ ಒಬ್ಬ ಮಿಸ್ತ್ರಿ ಇದ್ದರು, ಅನ್ವರ್ ಸಾಬರು ಅಂತ. ಲಾರಿ, ಟ್ರ್ಯಾಕ್ಟರಿನ ಎಂಜಿನ್ನು ಅವರಿಗೆ ಎಡಗೈ ಕೆಲಸ. ಈ ಜಪಾನಿನದನ್ನು ಕಂಡು ಅವರೂ ತಬ್ಬಿಬ್ಬಾದರು. ಇದಕ್ಕೆ ಇಷ್ಟೊಂದು ವೈರು ಯಾಕೆ, ಇದು ಎಂಜಿನ್ನೋ ಟೆಲಿಫೋನ್ ಎಕ್ಸ್‌ಚೇಂಜೋ ಎಂದು ಕೇಳಿದರಂತೆ. ಭಾವ ದಿನಾ ಮಧ್ಯಾಹ್ನ ಅಂಗಡಿಯನ್ನು ಗುಮಾಸ್ತರಿಗೆ ಬಿಟ್ಟು ಗುತ್ತೂರಿಗೆ ಹೋಗತೊಡಗಿದರು. ಇಬ್ಬರೂ ಸೇರಿ ಜೀಪಿನ ಹೊಟ್ಟೆ ಕೊಯ್ದು, ಹಳೇ ಎಂಜಿನ್ ತೆಗೆದು, ಹೊಸದನ್ನು ಕೂರಿಸಿದರು. ಅಂತೂ ಒಂದು ದಿನ ಅದು ಉಸಿರಾಡಿತು. ಆದರೆ ಸ್ವಲ್ಪ ಒತ್ತಿದರೆ ಒಳಗೆ ಯಾರೋ ಸುತ್ತಿಗೆ ಹಿಡಿದು ಕೂತಂತೆ ಠಕಠಕ ಸದ್ದು. ಟರ್ಬೊ ಊದುವ ಗಾಳಿಯ ಒತ್ತಡಕ್ಕೆ ನಮ್ಮ ಕಡೆ ಸಿಗುವ ಪೆಟ್ರೋಲು ತಾಳದೆ, ಹೊತ್ತಿಗೆ ಮುಂಚೆಯೇ ಸಿಡಿಯುತ್ತಿದೆ ಎಂಬುದು ಭಾವನ ತೀರ್ಮಾನ. ಒತ್ತಡ ಇಳಿಸಿದರು, ಕಿಡಿ ಹೊತ್ತುವುದನ್ನು ಕೊಂಚ ತಡ ಮಾಡಿದರು, ಎಂಜಿನ್ನಿನ ಮೈಗೆ ಸ್ಟೀಲ್ ಲೋಟ ಒತ್ತಿ ಕಿವಿಗೊಟ್ಟು ಕೂತರು. ಲೋಟವೇನೋ ಅಡುಗೆಮನೆಗೆ ವಾಪಸು ಬರುತ್ತಿತ್ತು. ಅದರಲ್ಲಿ ಕಾಫಿ ಕುಡಿಯುವ ಧೈರ್ಯ ಯಾರಿಗೂ ಇರಲಿಲ್ಲ.

ಸದ್ದು ನಿಂತಿತು. ನಿಂತ ಮೇಲಾದರೂ ಸುಮ್ಮನಿರಬೇಕಲ್ಲ? ಈ ಟರ್ಬೊ ಸಣ್ಣದಾಯಿತು ಎಂದು ಮುಂಬಯಿಯಿಂದ ಇನ್ನೂ ದೊಡ್ಡದನ್ನು ತರಿಸಿದರು! ಅದನ್ನು ಪರೀಕ್ಷಿಸಲು ಹೊರಟ ದಿನ ನಾನೂ ಜೀಪಿನಲ್ಲಿದ್ದೆ. ಹರಿಹರ ದಾಟಿ ಬಯಲಿಗೆ ಬಂದ ಮೇಲೆ ಸಾಬರು, ಈಗ ಒತ್ತಿರಿ ಎಂದರು. ಭಾವ ದೇವರನ್ನು ನೆನೆದು ಒತ್ತಿದರು. ಏನೂ ಆಗಲಿಲ್ಲ. ಇನ್ನಷ್ಟು ಒತ್ತಿದರು. ಆಗಲೂ ಏನೂ ಆಗಲಿಲ್ಲ. ದೊಡ್ಡ ಚಕ್ರ ತಿರುಗಿ ಎಚ್ಚರಾಗಲು ಹೊತ್ತು ಹಿಡಿಯುತ್ತದೆಂದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಕೆಟ್ಟಿತೇನೋ ಎಂದು ಸಾಬರು ಸಮಾಧಾನವಾಗಿ ಬುತ್ತಿ ಬಿಚ್ಚಿದ ಹೊತ್ತಿಗೆ ಸರಿಯಾಗಿ ಅದಕ್ಕೆ ಎಚ್ಚರವಾಯಿತು. ಜೀಪು ನೆಗೆಯಿತು. ಸಾಬರ ರೊಟ್ಟಿ ನನ್ನ ಮಡಿಲಿಗೆ, ಪಲ್ಯ ಭಾವನ ಬೆನ್ನಿಗೆ. ಭಾವ ಎರಡೂ ಕಾಲು ಬ್ರೇಕಿನ ಮೇಲಿಟ್ಟು ನಿಲ್ಲಿಸಿದರು. ಇಳಿದು ಮರದ ಕೆಳಗೆ ಬಹಳ ಹೊತ್ತು ಕೂತು, ಸಣ್ಣದನ್ನೇ ವಾಪಸು ಹಾಕೋಣ ಎಂದರು. ಬರುವಾಗ ಮಾತ್ರ ನಮ್ಮನ್ನು ಒಂದು ಎತ್ತಿನಗಾಡಿಯೂ ಹಿಂದೆ ಹಾಕಿತು.

ಇಷ್ಟೆಲ್ಲ ನಗುತ್ತಾ ಹೇಳುತ್ತಿದ್ದೇನೆ. ಆದರೆ ಆ ವರ್ಷ ನಮ್ಮ ಮನೆಯಲ್ಲಿ ನಗುವ ಸ್ಥಿತಿ ಇರಲಿಲ್ಲ. ಎಂಜಿನ್ನು ಬರುವ ಮುಂಚೆಯೇ ಅಕ್ಕ ಬಸುರಿಯಾಗಿ, ಏಳು ತಿಂಗಳು ತುಂಬಿದ ಮೇಲೆ ಮಗು ಹೊಟ್ಟೆಯಲ್ಲೇ ತೀರಿಕೊಂಡಿತ್ತು. ಆಸ್ಪತ್ರೆಯಿಂದ ಬಂದವಳು ಮಾತು ನಿಲ್ಲಿಸಿದ್ದಳು. ಕೇಳಿದ್ದಕ್ಕೆ ಹೂಂ, ಉಹೂಂ, ಅಷ್ಟೇ. ಊಟಕ್ಕೆ ಕರೆದರೆ ಬರುತ್ತಿದ್ದಳು, ಉಂಡು ಹಿತ್ತಲ ಬಾಗಿಲಿಗೆ ಹೋಗಿ ಕೂರುತ್ತಿದ್ದಳು. ಹೆಂಡತಿ ಹಿತ್ತಲಲ್ಲಿ ಹಾಗೆ ಕೂತಿರುವಾಗ ಗಂಡ ಗುತ್ತೂರಿನಲ್ಲಿ ಕಬ್ಬಿಣಕ್ಕೆ ಕಿವಿಗೊಟ್ಟು ಕೂತರೆ ಯಾರಿಗೆ ಸಿಟ್ಟು ಬರುವುದಿಲ್ಲ? ಅವ್ವ ನಮ್ಮೂರು ಲೋಕಿಕೆರೆಯಿಂದ ಬಂದವಳೇ ನನ್ನನ್ನು ತರಾಟೆಗೆ ತೆಗೆದುಕೊಂಡಳು. ನೀನು ಓದಿದವಳು, ಹೋಗಿ ಅವರಿಗೆ ಬುದ್ಧಿ ಹೇಳು ಎಂದಳು.

ನಾನು ಗುತ್ತೂರಿಗೆ ಹೋದಾಗ ಭಾವ ಜೀಪಿನ ಕೆಳಗಿದ್ದರು. ಕಾಲು ಮಾತ್ರ ಕಾಣುತ್ತಿತ್ತು. ಕಾಲಿಗೆ ಬುದ್ಧಿ ಹೇಳುವುದು ಹೇಗೆ? ಆದರೂ ಹೇಳಿದೆ. ಅಕ್ಕ ಬೆಳಿಗ್ಗೆಯಿಂದ ಒಂದು ಮಾತೂ ಆಡಿಲ್ಲ, ನೀವು ಹತ್ತಿರ ಕೂತು ಸಮಾಧಾನ ಹೇಳುವುದು ಬಿಟ್ಟು ಇದೇನು ಮಾಡುತ್ತಿದ್ದೀರಿ ಎಂದೆ. ಜೀಪಿನ ಕೆಳಗಿನಿಂದ ದನಿ ಬಂತು.

"ಹತ್ರ ಕೂತ್ರೆ ನಂಗೂ ಮಾತು ಬರವಲ್ದವ್ವ. ಇಬ್ರೂ ಗೋಡೆ ನೋಡ್ತೀವಿ."

ನಾನು ವಾಪಸು ಬಂದೆ. ಭಾವ ಏನಂದರು ಎಂದು ಅವ್ವ ಕೇಳಿದಳು. ಎಣ್ಣೆ ಬದಲಾಯಿಸುತ್ತಿದ್ದಾರೆ ಎಂದೆ. ಅದು ಸುಳ್ಳೇನಲ್ಲ. ಹಳೇ ಎಣ್ಣೆಯ ಕೊಳೆ ಕಟ್ಟಿಕೊಂಡು, ಆ ಒಳಬಾಗಿಲಿನ ಹೊತ್ತು ಬದಲಿಸುವ ಭಾಗ ಅಲುಗಾಡದೆ ನಿಂತಿತ್ತಂತೆ. ಅದನ್ನು ಬಿಚ್ಚಿ ತೊಳೆದು ಹೊಸ ಎಣ್ಣೆ ಹಾಕಿದ ಮೇಲೆ ಎಂಜಿನ್ನು ಹಸುವಿನಂತೆ ಸಾಧುವಾಯಿತು ಎಂದು ಸಾಬರು ಮನೆಗೇ ಬಂದು ಹೇಳಿ ಹೋದರು.

ಮರುದಿನ ಭಾನುವಾರ. ಭಾವ ಬೆಳಿಗ್ಗೆಯೇ ಜೀಪನ್ನು ಬಾಗಿಲಿಗೆ ತಂದು, ಹೋಗಿ ಬರೋಣ ಬರ್ರಿ ಎಂದರು. ಎಲ್ಲಿಗೆ ಎಂದರೆ ಹೇಳಲಿಲ್ಲ. ಅಕ್ಕ ಬೇಡ ಎನ್ನುವಷ್ಟು ಮಾತನ್ನೂ ಆಡದೆ ಬಂದು ಮುಂದೆ ಕೂತಳು. ನಾನು ಹಿಂದೆ. ಅದೇ ನಡಿಗೆ, ಅದೇ ಸೈಕಲ್ಲುಗಳು. ಇಷ್ಟೆಲ್ಲ ಮಾಡಿ ಕೊನೆಗೆ ಇದೇ ವೇಗವೇ ಎಂದು ನನಗೆ ಅಳುವೋ ನಗುವೋ ತಿಳಿಯಲಿಲ್ಲ. ಹರಿಹರ ದಾಟಿ, ಭಾನುವಳ್ಳಿ ಕಡೆ ತಿರುಗಿ, ಕಾಲುವೆ ಪಕ್ಕದ ನೇರ ರಸ್ತೆಗೆ ಬಂದಾಗ ಭಾವ ಜೀಪು ನಿಲ್ಲಿಸಿ ಇಳಿದರು. ಸುತ್ತಿ ಬಂದು ಅಕ್ಕನ ಪಕ್ಕ ನಿಂತರು.

"ಇದು ನನ್ ಕೈಲಾಗಲ್ಲ. ನಂಗೆ ಹೆದ್ರಿಕೆ. ನೀನು ಓಡ್ಸು," ಎಂದರು.

ನಾನು ಅಕ್ಕನ ಮುಖ ನೋಡಿದೆ. ಲೋಕಿಕೆರೆಯಲ್ಲಿ ಅಪ್ಪನ ಜೀಪನ್ನು ಅವಳು ಓಡಿಸುತ್ತಿದ್ದಳು. ಗಂಡುಮಕ್ಕಳಿಲ್ಲದ ಅಪ್ಪ ಹೊಲದ ಕೆಲಸಕ್ಕೆಂದು ಕಲಿಸಿದ್ದ. ನನ್ನನ್ನು ಶಾಲೆಗೆ ಬಿಡುವಾಗ ಅವಳು ಧೂಳೆಬ್ಬಿಸಿ ಹೋಗುವುದನ್ನು ನೋಡಲೆಂದೇ ಜನ ಕಟ್ಟೆಗೆ ಬಂದು ಕೂರುತ್ತಿದ್ದರು. ಮದುವೆಯಾಗಿ ದಾವಣಗೆರೆಗೆ ಬಂದ ಮೇಲೆ ಸ್ಟೇರಿಂಗ್ ಮುಟ್ಟಿರಲಿಲ್ಲ. ಯಾರೂ ಬೇಡ ಎಂದಿರಲಿಲ್ಲ, ಓಡಿಸು ಎಂದೂ ಯಾರೂ ಅಂದಿರಲಿಲ್ಲ. ನಾನೇ ಅದನ್ನೆಲ್ಲ ಮರೆತಿದ್ದೆ. ಮದುವೆಯಾದ ಹೊಸತರಲ್ಲಿ ಒಮ್ಮೆ ಮಾತ್ರ ಅವಳು, ನಿಮ್ಮ ಜೀಪು ಎಷ್ಟು ಒತ್ತಿದರೂ ಓಡದ ಎಮ್ಮೆ, ನಾನಾಗಿದ್ದರೆ ಎಂಜಿನ್ನು ಬದಲಾಯಿಸುತ್ತಿದ್ದೆ ಎಂದು ನಕ್ಕಿದ್ದಳಂತೆ. ಇದನ್ನು ಆಮೇಲೆ ಅವಳೇ ನನಗೆ ಹೇಳಿದಳು.

ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಸ್ಟೇರಿಂಗ್ ಕಡೆ ಸರಿದಳು. ಸೀಟು ಹಿಂದೆಮುಂದೆ ಎಳೆಯಬೇಕಾಗಲಿಲ್ಲ. ಅವಳ ಕಾಲು ನೇರವಾಗಿ ಪೆಡಲಿಗೆ ಹೋಯಿತು. ಭಾವ ಬಂದು ನನ್ನ ಪಕ್ಕ ಹಿಂದಿನ ಸೀಟಿನಲ್ಲಿ ಕೂತು ಕಂಬಿ ಹಿಡಿದು ಕಣ್ಣು ಮುಚ್ಚಿದರು.

ಮೊದಲು ಮೆಲ್ಲಗೆ. ಆಮೇಲೆ ಎರಡನೇ ಗೇರು, ಮೂರನೆಯದು. ಬಾನೆಟ್ಟಿನ ಕೆಳಗಿನಿಂದ ಸಣ್ಣಗೆ ಸಿಳ್ಳೆ ಹೊಡೆದ ಹಾಗೆ ಸದ್ದು ಎದ್ದಿತು, ಬೆನ್ನು ಸೀಟಿಗೆ ಅಂಟಿಕೊಂಡಿತು. ಗದ್ದೆ, ಕಾಲುವೆ, ತೆಂಗು ಎಲ್ಲ ಒಂದೇ ಹಸಿರಾಗಿ ಹಿಂದೆ ಹೋದವು. ಜಡೆ ಬಿಚ್ಚಿ ಹೋಗಿ ಕೂದಲು ಹಾರುತ್ತಿದ್ದರೂ ಅಕ್ಕ ಸರಿಮಾಡಿಕೊಳ್ಳಲಿಲ್ಲ. ನಡುವೆಲ್ಲೋ ಅವಳು ನಕ್ಕದ್ದು ಕೇಳಿಸಿತು. ಭಾವ ಕಣ್ಣು ತೆರೆಯಲಿಲ್ಲ. ಅವರು ಹೆದರಿದ್ದಾರೋ ಸಂತೋಷಪಡುತ್ತಿದ್ದಾರೋ ನನಗೆ ಗೊತ್ತಾಗಲಿಲ್ಲ.

ರಸ್ತೆ ಮುಗಿಯುವಲ್ಲಿ ಅಕ್ಕ ಜೀಪು ನಿಲ್ಲಿಸಿದಳು. ಕೈ ಸ್ಟೇರಿಂಗ್ ಮೇಲೇ ಇತ್ತು. ನಗು ಯಾವಾಗಲೋ ಅಳುವಾಗಿತ್ತು. ತಿರುಗದೆ, ಮುಂದೆ ನೋಡುತ್ತಲೇ ಹೇಳಿದಳು.

"ಮಗೂಗೆ ನಾನೊಂದು ಹೆಸ್ರು ಇಟ್ಕೊಂಡಿದ್ದೆ, ಗೊತ್ತೇನ್ರಿ? ಯಾರಿಗೂ ಹೇಳಿರ್ಲಿಲ್ಲ."

ಭಾವ ಕಂಬಿ ಬಿಟ್ಟರು. ಕಣ್ಣು ತೆರೆದರು.

"ನಾನೂ ಒಂದು ಇಟ್ಕೊಂಡಿದ್ದೆ," ಎಂದರು. "ನೀ ಮೊದ್ಲು ಹೇಳು."

ನಾನು ಇಳಿದು ಕಾಲುವೆ ಕಡೆ ನಡೆದೆ. ಅವರು ಇಟ್ಟುಕೊಂಡಿದ್ದ ಹೆಸರುಗಳು ಯಾವುವೆಂದು ನಾನು ಕೇಳಿಸಿಕೊಳ್ಳಲಿಲ್ಲ, ಮುಂದೆಯೂ ಕೇಳಲಿಲ್ಲ. ನೀರಿನ ಹತ್ತಿರ ನಿಂತು ತಿರುಗಿ ನೋಡಿದಾಗ ಭಾವ ಮುಂದಿನ ಸೀಟಿಗೆ ಹೋಗಿದ್ದರು. ಇಬ್ಬರೂ ಮಾತಾಡುತ್ತಿದ್ದರು. ಎಂಜಿನ್ನು ಇನ್ನೂ ಓಡುತ್ತಲೇ ಇತ್ತು, ಅದನ್ನು ಆರಿಸಬೇಕೆಂದು ಇಬ್ಬರಿಗೂ ನೆನಪಾಗಿರಲಿಲ್ಲ.